ಮಾವನವರು ಪಾಸು ಮಾಡಿದ ಡೇ ಕೇರ್

ಓದುಗ ಮಹನೀಯರ ಅವಗಾಹನೆಗೆ ಸವಿನಯವಾಗಿ ತರಬಯಸುವುದೇನೆಂದರೆ, ಶಾಲೆ ಬಿಟ್ಟ ಬಳಿಕ ಮಕ್ಕಳನ್ನು ಬಿಡಲು ಯೋಗ್ಯವಾದ ಸ್ಥಳ ಮಂಗಳೂರು ನಗರದಲ್ಲಿ ಒಂದೇ ಒಂದೂ ಇಲ್ಲವೆಂದು ಖುದ್ದಾಗಿ ಪರಿಶೀಲಿಸಿ, ಮೊಣಕಾಲು ತರಚಿಕೊಂಡು, ಒಮ್ಮೆ ಮಕ್ಕಳ ಕಳ್ಳನೆಂದು ಸೆರೆಯೂ ಸಿಕ್ಕಿ ಸಾಬೀತುಪಡಿಸಲು ಹೊರಟ ಏಕೈಕ ವ್ಯಕ್ತಿ ನನ್ನ ಸೋದರಮಾವ. ಅವರ ಹೆಸರನ್ನು ಇಲ್ಲಿ ನಮೂದಿಸುತ್ತಿಲ್ಲ. ಬೇಡವೆಂದು ಅವರೇ ತಾಕೀತು ಮಾಡಿದ್ದಾರೆ. "ಹೆಸರು ಹಾಕ್ಬೇಡ ಮಾರಾಯ್ತಿ. ಮತ್ತೆ ಯಾವ ಡೇ ಕೇರಿನವರೂ ನನ್ನನ್ನು ಗೇಟಿನ ಒಳಗೆ ಬಿಡ್ಲಿಕ್ಕಿಲ್ಲ" ಎಂಬುದು ಅವರ ಆತಂಕ. ಹೆಸರು ಹಾಕದಿದ್ದರೂ ಬಿಡಲಿಕ್ಕಿಲ್ಲ ಎಂಬುದು ನನಗೆ ಲಭ್ಯವಿರುವ ಮಾಹಿತಿ!

ಸದರಿ ಮಾವನವರು ಕೊಲ್ಲಿ ದೇಶದ ಒಂದು ತೈಲ ಕಂಪನಿಯಲ್ಲಿ ಸೇಫ್ಟಿ ವಿಭಾಗದಲ್ಲಿದ್ದವರು. ಎಲ್ಲಿ ಬೆಂಕಿ ಹತ್ತಬಹುದು, ಯಾರು ಎಲ್ಲಿ ಜಾರಬಹುದು, ಯಾವ ವಸ್ತು ಯಾರ ತಲೆಯ ಮೇಲೆ ಬೀಳಬಹುದು ಎಂದು ದಿನವಿಡೀ ಯೋಚಿಸುವುದಕ್ಕೆ ಅವರಿಗೆ ಸಂಬಳ ಸಿಗುತ್ತಿತ್ತು. ನಿವೃತ್ತಿಯ ನಂತರ ಸಂಬಳ ನಿಂತಿತು, ಯೋಚನೆ ನಿಲ್ಲಲಿಲ್ಲ. ನನ್ನ ತಾಯಿ ತೀರಿಕೊಂಡ ಮೇಲೆ ಅವರು ಕುದ್ರೋಳಿಯ ನಮ್ಮ ಮನೆಗೆ ಬಂದರು. ಬಂದವರು ಪೆಟ್ಟಿಗೆ ಇಳಿಸುವ ಮೊದಲೇ ಅಂಗಳದ ಬಿಂಬುಳಿ ಮರದ ಕೆಳಗೆ ನಿಂತು, "ಎಂತ ಆದ್ರೂ ಎಲ್ಲರೂ ಓಡಿ ಬಂದು ಇಲ್ಲಿ ನಿಲ್ಲುದು. ಗೊತ್ತಾಯ್ತಲ್ಲ?" ಎಂದರು. ಮನೆಯಲ್ಲಿ ಆಗ ಇದ್ದ "ಎಲ್ಲರೂ" ಎಂದರೆ ನಾನು ಮತ್ತು ನನ್ನ ಪುಟ್ಟ ಮಗಳು. ನನ್ನ ಪತಿ ಮಸ್ಕತ್ತಿನಲ್ಲಿದ್ದಾರೆ. ಅವರು ಓಡಿ ಬಂದು ನಿಲ್ಲುವುದು ಕಷ್ಟ.

ಮಾವನವರು ಅವಿವಾಹಿತರು. ಕಾರಣ ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ಅದಕ್ಕೆ ಒಳಗೆ ಹೋಗುವ ಬಾಗಿಲು ಮಾತ್ರ ಉಂಟು. ಎಮರ್ಜೆನ್ಸಿ ಎಕ್ಸಿಟ್ ಎಲ್ಲಿ ಉಂಟು?"

ಆದರೆ ಇತರರ ಮದುವೆಗಳಿಗೆ ತಪ್ಪದೇ ಹಾಜರಾಗುತ್ತಾರೆ. ಸಭಾಂಗಣ ಪ್ರವೇಶಿಸಿದವರು ವಧುವನ್ನೂ ನೋಡುವುದಿಲ್ಲ, ವರನನ್ನೂ ನೋಡುವುದಿಲ್ಲ; ನೇರವಾಗಿ ಹಿಂಬಾಗಿಲಿಗೆ ಹೋಗುತ್ತಾರೆ. ಒಮ್ಮೆ ಒಂದು ಮದುವೆಯಲ್ಲಿ ಆ ಹಿಂಬಾಗಿಲಿಗೆ ಅಡ್ಡಲಾಗಿ ನೀರುಳ್ಳಿಯ ಗೋಣಿಗಳನ್ನು ಪೇರಿಸಿಟ್ಟಿದ್ದರು. ಮಾವನವರು ಬಿಳಿ ಶರ್ಟಿನ ತೋಳು ಮಡಚಿ ಒಂದೊಂದೇ ಗೋಣಿ ಸರಿಸತೊಡಗಿದರು. ಊಟಕ್ಕೆ ಕುಳಿತವರು ಇವರನ್ನು ಅಡುಗೆಯ ಕಡೆಯವರೆಂದು ತಿಳಿದು, "ಓ ಅಣ್ಣಾ, ಇಲ್ಲಿ ಸ್ವಲ್ಪ ಸಾರು ಬರ್ಲಿ" ಎಂದರು. ಬೇರೆಯವರಾಗಿದ್ದರೆ ಸಿಡಿಮಿಡಿಗೊಳ್ಳುತ್ತಿದ್ದರು. ನಮ್ಮ ಮಾವನವರು ಬಿಸಿ ಸಾರಿನ ಪಾತ್ರೆಯನ್ನು ಬಡಿಸುವ ಹುಡುಗರು ಹಿಡಿಯುತ್ತಿದ್ದ ರೀತಿ ಅಪಾಯಕಾರಿಯೆಂದು ಮನಗಂಡು, ತಾವೇ ಪಾತ್ರೆ ಹಿಡಿದು ಮೂರು ಪಂಕ್ತಿಗಳಿಗೆ ಸಾರು ಬಡಿಸಿದರು. ಮನೆಗೆ ಬಂದು ಗಂಜಿ ಉಂಡರು!

ನಮ್ಮ ಮನೆಯ ಗಣಹೋಮದ ದಿನ ಪುರೋಹಿತರ ಪಕ್ಕದಲ್ಲೇ ಒಂದು ಬಕೆಟ್ ಮರಳು ಇಟ್ಟಿದ್ದರು. ಪುರೋಹಿತರು ಮಂತ್ರದ ನಡುವೆ ಅದನ್ನು ನೋಡಿ, "ಇದು ಎಂತಕ್ಕೆ? ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳಿದರು.

"ನಿಮ್ಮ ಮಂತ್ರದ ಮೇಲೆ ಪೂರ್ತಿ ನಂಬಿಕೆ ಉಂಟು ಭಟ್ರೇ. ನಿಮ್ಮ ಶಾಲಿನ ಮೇಲೆ ಇಲ್ಲ."

ಇಂತಹವರು ನನ್ನ ಮಗಳನ್ನು ಶಾಲೆಯಿಂದ ಕರೆತಂದು, ನಾನು ಬರುವ ತನಕ ನೋಡಿಕೊಳ್ಳುತ್ತಿದ್ದರು ಎಂದ ಮೇಲೆ ನನ್ನ ಅದೃಷ್ಟವನ್ನು ತಾವೇ ಅಂದಾಜಿಸಬಹುದು. ನಾನು ತೊಕ್ಕೊಟ್ಟಿನ ಒಂದು ಸಹಕಾರಿ ಸಂಘದಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವವಳು. ಸಂಜೆ ಕಚೇರಿ ಬಿಟ್ಟು ಬಸ್ಸು ಹತ್ತಿದರೆ ನೇತ್ರಾವತಿ ಸೇತುವೆಯ ಮೇಲಿನ ವಾಹನಗಳ ಸಾಲು ನನ್ನನ್ನು ಯಾವಾಗ ಮನೆಗೆ ಬಿಡುತ್ತದೆಂದು ಆ ಸೇತುವೆಗೇ ಗೊತ್ತಿಲ್ಲ. ಆದರೂ ನಾನು ನಿಶ್ಚಿಂತೆಯಿಂದ ಕಿಟಕಿಯಾಚೆ ನದಿ ನೋಡುತ್ತಾ ಬರುತ್ತಿದ್ದೆ. ಇಡೀ ಬಸ್ಸಿನಲ್ಲಿ ಫೋನ್ ನೋಡದ ತಾಯಿ ನಾನೊಬ್ಬಳೇ ಇರಬೇಕು.

ಹೀಗಿರುವಲ್ಲಿ ಒಂದು ಸಂಜೆ ಚಹಾ ಕುಡಿಯುವಾಗ ಮಾವನವರು ಕಪ್ಪು ಕೆಳಗಿಟ್ಟು ಘೋಷಿಸಿದರು.

"ಬರುವ ತಿಂಗಳು ಒಂದನೇ ತಾರೀಕಿನಿಂದ ಬಾಲೆಯನ್ನು ನಾನು ನೋಡಿಕೊಳ್ಳುದಿಲ್ಲ. ಶಾಲೆ ಬಿಟ್ಟ ಮೇಲೆ ಇರ್ಲಿಕ್ಕೆ ಒಂದು ಒಳ್ಳೆ ಜಾಗ ಹುಡುಕು. ಹುಡುಕುದು ನೀನು, ಪಾಸ್ ಮಾಡುದು ನಾನು."

ಮಗುವನ್ನು ಅವರು ಬಾಲೆ ಎಂದೇ ಕರೆಯುವುದು. ನನಗೆ ಚಹಾ ನೆತ್ತಿಗೇರಿತು. "ಎಂತಕ್ಕೆ ಮಾವ? ಎಂತಾಯ್ತು ಈಗ?"

"ಎಂತ ಆಗ್ಬೇಕು? ಆಗುವ ಮೊದಲು ಮಾಡುದಕ್ಕೇ ಸೇಫ್ಟಿ ಅಂತ ಹೇಳುದು."

ಇದಕ್ಕಿಂತ ಹೆಚ್ಚಿನ ಸ್ಪಷ್ಟೀಕರಣ ದೊರೆಯಲಿಲ್ಲ. ಒಂದನೇ ತರಗತಿಯಲ್ಲಿದ್ದ ನನ್ನ ಮಗಳು ಬಿಸ್ಕತ್ತು ಅದ್ದುತ್ತಾ, "ಅಜ್ಜನಿಗೆ ಬೋರ್ ಆಗಿರ್ಬೇಕು ಅಮ್ಮ. ನನಗೂ ಆಗ್ತದೆ" ಎಂದು ಅಭಿಪ್ರಾಯ ಮಂಡಿಸಿದಳು. ನಾನೂ ಹಾಗೆಯೇ ಭಾವಿಸಿದೆ. ಎಷ್ಟು ದಿನ ಅಂತ ಒಬ್ಬ ಹಿರಿಯರು ಹಾವು-ಏಣಿ ಆಟದಲ್ಲಿ ಸೋಲುತ್ತಾ ಕೂರಬೇಕು?

ಮರುದಿನ ಕಚೇರಿಯಲ್ಲಿ, ಶಾಲೆ ಬಿಡುವ ಹೊತ್ತಿಗೆ ನನಗೂ ಮನೆಗೆ ಹೋಗಲು ಅನುಮತಿ ದೊರೆಯಬಹುದೇ ಎಂದು ಮ್ಯಾನೇಜರರನ್ನು ವಿಚಾರಿಸಿದೆ. "ನಿಮಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗ್ತದೆ ಮೇಡಂ. ಆಮೇಲೆ ಸಂಘದಲ್ಲಿ ನಾನು ಮತ್ತು ಫ್ಯಾನ್ ಮಾತ್ರ" ಎಂದರು. ಅಂದರೆ ವಿಷಯ ಇಷ್ಟು: ಒಂದನೇ ತಾರೀಕಿನೊಳಗೆ ಮಾವನವರು ಯಾವುದಾದರೊಂದು ಜಾಗವನ್ನು ಪಾಸು ಮಾಡಬೇಕು. ಮಾಡದಿದ್ದರೆ ನಾನು ಕೆಲಸ ಬಿಡಬೇಕು. ಹುಟ್ಟಿದಂದಿನಿಂದ ಒಂದು ಕಟ್ಟಡವನ್ನೂ ಪಾಸು ಮಾಡದ ವ್ಯಕ್ತಿಯ ಕೈಯಲ್ಲಿ ನನ್ನ ಉದ್ಯೋಗ ಸಿಕ್ಕಿಬಿದ್ದಿತ್ತು!

ಮೊದಲ ಭೇಟಿ ಜೆಪ್ಪುವಿನಲ್ಲಿದ್ದ ಒಂದು ಭರ್ಜರಿ ಕೇಂದ್ರಕ್ಕೆ. ಎ.ಸಿ. ಇತ್ತು, ಗೋಡೆ ತುಂಬ ಜಿರಾಫೆಗಳಿದ್ದವು, ಮಕ್ಕಳನ್ನು ಕರೆತರಲು ಅವರದೇ ವ್ಯಾನು ಇತ್ತು. ನನಗೆ ಬಾಗಿಲಲ್ಲೇ ಒಪ್ಪಿಗೆಯಾಯಿತು. ಅಲ್ಲಿನ ಯುವ ವ್ಯವಸ್ಥಾಪಕರು ಮೊಬೈಲು ತೆರೆದು ತೋರಿಸಿ, "ಸರ್, ಮೂಲೆ ಮೂಲೆಗೂ ಕ್ಯಾಮೆರಾ ಉಂಟು. ನೀವು ಮನೆಯಲ್ಲೇ ಕೂತು ನೋಡ್ಬಹುದು" ಎಂದರು.

"ಒಳ್ಳೇದು. ಮಗು ಬಿದ್ರೆ ಕ್ಯಾಮೆರಾ ಎತ್ತುತ್ತದಾ?"

"ಅಲ್ಲ ಸರ್, ಅದು ರೆಕಾರ್ಡ್..."

"ಹಾಗಾದ್ರೆ ಬಿದ್ದದ್ದನ್ನು ನಾವು ಮನೆಯಲ್ಲಿ ಕೂತು ಎರಡು ಸಲ ನೋಡ್ಬಹುದು. ಆಗ್ಲಿ, ಮುಂದೆ."

ಮುಂದೆ ನಡೆದದ್ದು ಅವರ ವಿಶಿಷ್ಟ ತಪಾಸಣಾ ವಿಧಾನ. ಮಕ್ಕಳ ಜಾಗವನ್ನು ಮಕ್ಕಳ ಎತ್ತರದಿಂದಲೇ ನೋಡಬೇಕೆಂಬುದು ಅವರ ಸಿದ್ಧಾಂತ. ಪ್ಯಾಂಟು ಸ್ವಲ್ಪ ಮೇಲಕ್ಕೆಳೆದು, ಕನ್ನಡಕ ಸರಿಪಡಿಸಿ, ನೋಡನೋಡುತ್ತಿದ್ದಂತೆ ನಾಲ್ಕು ಕಾಲಿಗೆ ಇಳಿದರು. ಜಿರಾಫೆಗಳ ಕೆಳಗೆ ಅಂಬೆಗಾಲಿಡುತ್ತಾ ಸಾಗಿದರು. "ಇಲ್ಲಿ ಪ್ಲಗ್ ಪಾಯಿಂಟ್ ಓಪನ್!" ಎಂದು ಒಂದು ಮೂಲೆಯಿಂದ ಧ್ವನಿ ಬಂತು. "ಇಲ್ಲಿ ಮೊಳೆ!" ಎಂದು ಇನ್ನೊಂದು ಮೂಲೆಯಿಂದ. ಬಳಿಕ ಮೇಜಿನ ಕೆಳಗಿನಿಂದ, "ಇಲ್ಲಿ ಯಾರೋ ಬಬ್ಲ್ ಗಮ್ ಅಂಟಿಸಿದ್ದಾರೆ. ಇದು ಅಪಾಯ ಅಲ್ಲ, ಸುಮ್ಮನೆ ಹೇಳಿದ್ದು." ಅದಾದ ಮೇಲೆ ಧ್ವನಿ ನಿಂತಿತು. ಏಕೆಂದರೆ ಮಾವನವರಿಗೆ ಮೇಜಿನ ಕೆಳಗಿನಿಂದ ಏಳಲು ಆಗುತ್ತಿರಲಿಲ್ಲ! ಇಬ್ಬರು ಆಯಾಗಳು ತೋಳಿಗೆ ಕೈಕೊಟ್ಟು ಎತ್ತಿದರು. ಎದ್ದು ನಿಂತು, ಮೊಣಕಾಲಿನ ಧೂಳು ಕೊಡವಿ, ಆಯಾಗಳಿಗೆ ವಂದಿಸಿ ಹೊರಬಂದರು.

"ಎತ್ತಿದ್ದು ಆಯಾಗಳು. ಕ್ಯಾಮೆರಾ ಅಲ್ಲ. ಫೇಲ್."

ಎರಡನೆಯದು ನಿವೃತ್ತ ಶಿಕ್ಷಕಿಯೊಬ್ಬರು ನಡೆಸುತ್ತಿದ್ದ ಕೇಂದ್ರ. ಪ್ಲಗ್ ಪಾಯಿಂಟುಗಳಿಗೆಲ್ಲ ಮುಚ್ಚಳ, ಮೇಜಿನ ಅಂಚುಗಳಿಗೆಲ್ಲ ರಬ್ಬರು, ನೆಲ ಕನ್ನಡಿಯಂತೆ ಸ್ವಚ್ಛ, ಒಂದು ಹನಿ ನೀರಿಲ್ಲ. ಮಕ್ಕಳು ಸಾಲಾಗಿ ಕುಳಿತು ಹೋಂವರ್ಕ್ ಬರೆಯುತ್ತಿದ್ದರು. ಪೆನ್ಸಿಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಮನಸ್ಸಿನಲ್ಲೇ ದೇವರಿಗೆ ತೆಂಗಿನಕಾಯಿ ಹೇಳಿಕೊಂಡೆ. ಮಾವನವರು ಈ ಬಾರಿ ಅಂಬೆಗಾಲಿಡಲೂ ಇಲ್ಲ. ಒಂದು ಹುಡುಗಿಯ ಬಳಿ ಬಾಗಿ, "ಇವತ್ತು ತಿಂಡಿ ಎಂತ ಮಗಾ?" ಎಂದು ಕೇಳಿದರು ಅಷ್ಟೇ. ಹುಡುಗಿ ತಲೆಯೆತ್ತಿ ಶಿಕ್ಷಕಿಯ ಮುಖ ನೋಡಿದಳು. ಅವರು ತಲೆಯಾಡಿಸಿದ ಮೇಲೆ, "ಅವಲಕ್ಕಿ" ಎಂದಳು.

ಮಾವನವರು ನನ್ನನ್ನು ಹೊರಗೆ ಕರೆದರು. "ನಡಿ ಹೋಗುವ. ಇಲ್ಲಿ ಅಲಾರಂ ಕೆಲಸ ಮಾಡುದಿಲ್ಲ."

"ಯಾವ ಅಲಾರಂ ಮಾವ? ಗೋಡೆಯಲ್ಲಿ ಹಸಿರು ಲೈಟು ಉರಿಯುತ್ತಾ ಉಂಟಲ್ಲ!"

"ಅದಲ್ಲ ಮಾರಾಯ್ತಿ. ಮಕ್ಕಳು. ಅವಲಕ್ಕಿ ಅಂತ ಹೇಳ್ಲಿಕ್ಕೆ ಅನುಮತಿ ಬೇಕಾದ ಮಗು, ನೋವಾದ್ರೆ ಹೇಗೆ ಹೇಳ್ತದೆ?"

ಒಂದನೇ ತಾರೀಕಿಗೆ ಹೆಚ್ಚು ದಿನಗಳಿರಲಿಲ್ಲ. ಆಮೇಲಿನ ಭೇಟಿಗಳನ್ನು ವಿಸ್ತಾರಭಯದಿಂದ ಕೈಬಿಡುತ್ತಿದ್ದೇನೆ. ಒಂದು ಕಡೆ ಬಾವಿಗೆ ಬಲೆ ಇರಲಿಲ್ಲ. ಇನ್ನೊಂದು ಕಡೆ ಬಲೆ ಇತ್ತು, ಬಾವಿಯ ಪಕ್ಕದಲ್ಲಿ ಹಲಸಿನ ಮರವೂ ಇತ್ತು. ಮರದಲ್ಲಿ ಹಲಸಿನಕಾಯಿ ಇರಲಿಲ್ಲ. "ಮುಂದೆ ಆಗ್ತದೆ, ಬೀಳ್ತದೆ" ಎಂದರು ಮಾವನವರು, ಮೇಲೆ ನೋಡುತ್ತಾ. ಮತ್ತೊಂದು ಕಡೆ ಸುರಕ್ಷತಾ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಮಾವನವರು ಅದನ್ನು ಓದಲೂ ಇಲ್ಲ. "ಬೆಂಕಿ ಬಿದ್ರೆ ಮೊದಲು ಸುಡುದೇ ಕಾಗದ. ಅದರಲ್ಲಿ ಬರೆದಿಟ್ಟು ಎಂತ ಪ್ರಯೋಜನ?"

"ಹಾಗಾದ್ರೆ ನಾನು ರಾಜೀನಾಮೆ ಬರೀಲಿಕ್ಕೂ ಕಾಗದ ಬೇಡ್ವಾ?" ಎಂದು ನಾನು ಸಿಟ್ಟಿನಿಂದಲೇ ಕೇಳಿದೆ. ಅವರು ಅಂದು ಚಹಾ ಕುಡಿಯದೆ ಎದ್ದು ಹೋದರು.

ಇದಾದ ಮರುದಿನ ಮಧ್ಯಾಹ್ನದ ಬಳಿಕ ನನ್ನ ಕಚೇರಿಗೆ ಒಂದು ಫೋನ್ ಬಂತು. ಹೆಂಗಸಿನ ಗಟ್ಟಿ ಧ್ವನಿ.

"ನಿಮ್ಮ ಮನೆಯಲ್ಲಿ ವಯಸ್ಸಾದವರು ಒಬ್ಬರು ಉಂಟಾ? ಕನ್ನಡಕ, ಶರ್ಟಿನ ಕಿಸೆಯಲ್ಲಿ ಒಂದು ವಿಸಿಲ್?"

"ಉಂಟು."

"ಬಂದು ಕೊಂಡೋಗಿ. ನಿಮ್ಮ ಐಡಿ ಕಾರ್ಡ್ ತನ್ನಿ. ಅದಿಲ್ಲದೆ ಬಿಡುದಿಲ್ಲ."

ಅವರು ಹೇಳಿದ ವಿಳಾಸ ಬರೆದುಕೊಂಡು ನಾನು ಬಸ್ಸು ಹತ್ತಿದೆ. ಎಂದಿನಂತೆ ಸೇತುವೆಯ ಮೇಲೆ ವಾಹನಗಳು ನಿಂತಿದ್ದವು. ಆ ದಿನ ನದಿಯನ್ನು ನೋಡಲಿಲ್ಲ.

ನಡೆದ ಸಂಗತಿಯನ್ನು ಆಮೇಲೆ ತಿಳಿದುಕೊಂಡಂತೆ ನಿವೇದಿಸುತ್ತೇನೆ. ಕುದ್ರೋಳಿಯಲ್ಲೇ, ನಮ್ಮ ಮನೆಯಿಂದ ಎರಡು ಓಣಿ ಆಚೆ, ಬ್ಯಾರಿ ಮುಸ್ಲಿಂ ಮಹಿಳೆಯೊಬ್ಬರು ತಮ್ಮ ಮನೆಯ ಕೆಳ ಅಂತಸ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಬೋರ್ಡಿಲ್ಲ, ಜಿರಾಫೆಯಿಲ್ಲ. ಓಣಿಯವರೆಲ್ಲ ಅವರನ್ನು ಟೀಚರ್ ಎನ್ನುತ್ತಾರೆ. ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಹೋಗುವುದು. ಬಾಲೆಯನ್ನು ಶಾಲೆಯಿಂದ ಕರೆತಂದು ಎದುರುಮನೆಯಲ್ಲಿ ಕೂರಿಸಿ ಬಂದಿದ್ದ ಮಾವನವರು ಈ ಸಲ ತಪಾಸಣೆಯೆಂದು ಹೇಳಲೇ ಇಲ್ಲ. ಗೇಟು ತಟ್ಟಿ, ಆ ಹುಡುಗಿಯ ಹೆಸರು ಹೇಳಿ, "ಅವಳನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು" ಎಂದರು!

"ನೀವು ಯಾರು ಅಂಕಲ್?" ಎಂದರು ಟೀಚರ್.

"ಪಕ್ಕದ ಮನೆಯವರು."

ಹುಡುಗಿ ಕಿಟಕಿಯಿಂದ ಇಣುಕಿ, "ಹೌದು ಟೀಚರ್, ಅಜ್ಜ ನನಗೆ ಗೊತ್ತು!" ಎಂದು ಕೂಗಿದಳು.

"ನಿನಗೆ ಗೊತ್ತಿದ್ರೆ ಸಾಲದು, ನನಗೆ ಗೊತ್ತಾಗ್ಬೇಕು. ನಿನ್ನ ಅಮ್ಮ ಫೋನ್ ಮಾಡಿ ಹೇಳ್ಬೇಕು."

ಇಲ್ಲಿಗೆ ಬೇರೆ ಯಾರಾದರೂ ನಿಲ್ಲಿಸುತ್ತಿದ್ದರು. ಮಾವನವರು ತಪಾಸಣೆಯನ್ನು ಅರ್ಧಕ್ಕೆ ಬಿಡುವವರೇ? ಕಿಸೆಯಿಂದ ಒಂದು ಚಾಕಲೇಟು ತೆಗೆದು ಕಿಟಕಿಯ ಕಡೆಗೆ ಚಾಚಿದರು.

ಆ ಕ್ಷಣವೇ ಟೀಚರ್ ಅವರ ಮಣಿಕಟ್ಟು ಹಿಡಿದು ಒಳಗೆಳೆದು, ಗೇಟಿಗೆ ಬೀಗ ಹಾಕಿ, ಕೀಲಿಯನ್ನು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡರು. ಮಾವನವರನ್ನು ಮಕ್ಕಳ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಕೂರಿಸಿದರು.

ನಾನು ತಲುಪಿದಾಗ ಗೇಟಿನ ಬಳಿ ಅರ್ಧ ಓಣಿ ನೆರೆದಿತ್ತು. ಒಳಗೆ ಮಾವನವರು ಮೊಣಕಾಲುಗಳನ್ನು ಗಲ್ಲದವರೆಗೆ ಮಡಚಿ ಕುಳಿತು ಬಾಳೆಕಾಯಿ ಪೋಡಿ, ಅಂದರೆ ಬಜ್ಜಿ, ತಿನ್ನುತ್ತಿದ್ದರು. ಸುತ್ತ ಮಕ್ಕಳು.

"ಟೀಚರ್, ಈ ಅಜ್ಜ ಕಳ್ಳನಾ?"

"ಗೊತ್ತಿಲ್ಲ ಮಕ್ಕಳೇ. ಅವರ ಮನೆಯವರು ಬಂದು ಹೇಳ್ತಾರೆ."

"ಕಳ್ಳನಾದ್ರೆ ಪೋಡಿ ಯಾಕೆ ಕೊಟ್ಟದ್ದು?"

"ಹಸಿವು ಕಳ್ಳನಿಗೂ ಆಗ್ತದೆ."

ನನ್ನನ್ನು ಕಂಡದ್ದೇ ತಡ, ಮಾವನವರು ಕುರ್ಚಿಯಿಂದ ನೆಗೆದೆದ್ದರು. ಕುರ್ಚಿಯೂ ಅವರಿಗೆ ಅಂಟಿಕೊಂಡು ಎದ್ದಿತು. "ಪಾಸ್ ಮಾರಾಯ್ತಿ! ಪಾಸ್!" ಎಂದು ಎರಡೂ ಕೈ ಮೇಲೆತ್ತಿದರು.

ಟೀಚರ್ ನನ್ನ ಐಡಿ ಕಾರ್ಡಿನ ಭಾವಚಿತ್ರವನ್ನೂ ನನ್ನ ಮುಖವನ್ನೂ ಎರಡೆರಡು ಬಾರಿ ಹೋಲಿಸಿ ನೋಡಿದರು. ವಿಷಯ ತಿಳಿದ ಮೇಲೆ ಸೊಂಟಕ್ಕೆ ಕೈ ಇಟ್ಟು, "ಪರೀಕ್ಷೆಯಾ? ನನ್ನ ಅರ್ಧ ಜೀವ ಹೋಯ್ತು ಅಂಕಲ್! ಇನ್ನೊಮ್ಮೆ ಹೀಗೆ ಮಾಡಿದ್ರೆ ನಿಜವಾಗಿ ಪೊಲೀಸಿಗೆ ಕೊಡ್ತೇನೆ" ಎಂದರು.

"ಕೊಡ್ಬೇಕಿತ್ತು. ಈಗ ಕೊಡದ್ದು ಒಂದು ಮೈನಸ್."

"ಎಂತ ಜನ ಇವರು!" ಎಂದು ಟೀಚರ್ ನನ್ನ ಕಡೆ ತಿರುಗಿದರು. ನಗು ತಡೆಯಲಾಗದೆ ದುಪಟ್ಟಾ ಬಾಯಿಗೆ ಒತ್ತಿಕೊಂಡಿದ್ದರು. ಶೌಚಾಲಯದ ಚಿಲಕ ಮಕ್ಕಳಿಗೆ ಎಟುಕದಷ್ಟು ಮೇಲಿದೆಯೆಂದು ಮಾವನವರು ಆಕ್ಷೇಪಿಸಿದರು. ನಾಳೆ ಸರಿಮಾಡಿಸುತ್ತೇನೆ ಎಂದರು ಟೀಚರ್. ಇಂದೇ ಆಗಲಿ ಎಂದು ಮಾವನವರು ಕಿಸೆಯಿಂದ ಸ್ಕ್ರೂ ಡ್ರೈವರ್ ತೆಗೆದರು. ಆ ಕಿಸೆಯಲ್ಲಿ ಇನ್ನೂ ಏನೇನಿದೆಯೋ, ದೇವರೇ ಬಲ್ಲ.

ನನ್ನ ಕೆಲಸ ಉಳಿದಿತ್ತು! ಹಿಂತಿರುಗುವಾಗ ಆ ಸಂತೋಷದಲ್ಲಿ ನಾನು ಮಾವನವರನ್ನು ಸ್ವಲ್ಪ ಛೇಡಿಸಿದೆ. "ಇನ್ನು ಸಂಜೆ ಪೂರ್ತಿ ಫ್ರೀ! ಎಂತ ಪ್ಲಾನ್ ಮಾವ? ಇಸ್ಪೀಟಾ, ನಿದ್ದೆಯಾ?"

ಅವರು ಸುಮ್ಮನೆ ನಡೆಯುತ್ತಿದ್ದರು. ಮತ್ತೊಮ್ಮೆ ಕೇಳಿದೆ. ನನ್ನ ತುಟಿ ಅಲ್ಲಾಡುವುದು ಕಂಡಿರಬೇಕು, ನಿಂತುಬಿಟ್ಟರು.

"ಈಗ ನೀನು ಎಂತದೋ ಹೇಳಿದ್ದಿ ಅಲ್ವಾ?"

"ಹೌದು."

"ಕೇಳಲಿಲ್ಲ. ಅದೇ ವಿಷಯ."

ಓಣಿಯ ಬದಿಗೆ ಸರಿದು ಅವರು ಹೇಳಿದ್ದಿಷ್ಟು. ಒಂದು ದಿನ ಸಂಜೆ ಒಲೆಯ ಮೇಲೆ ಕುಕ್ಕರ್ ಇಟ್ಟು, ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಕುಕ್ಕರ್ ಎಷ್ಟು ಸಲ ಕೂಗಿತೋ ಅವರಿಗೆ ತಿಳಿಯಲಿಲ್ಲ. ಸೀದ ವಾಸನೆಗೆ ಎದ್ದು ಹೋದರೆ, ನನ್ನ ಮಗಳು ಸ್ಟೂಲಿನ ಮೇಲೆ ಹತ್ತಿ ನಿಂತು, ಉರಿಯ ಮೇಲಿಂದ ಕೈ ಚಾಚಿ, ಗ್ಯಾಸ್ ಬಂದ್ ಮಾಡುತ್ತಿದ್ದಳು.

"ನಿದ್ದೆ ಅಲ್ಲ. ಎಚ್ಚರ ಇದ್ದೆ. ಅವಳು ನನ್ನನ್ನು ಕರೆದಳಂತೆ, ಎರಡು ಸಲ. ಅದೂ ಕೇಳಲಿಲ್ಲ."

"ಆದ್ರೆ ಎಂತದೂ ಆಗಲಿಲ್ಲ ಅಲ್ವಾ ಮಾವ..."

"ಆಗಲಿಲ್ಲ. ಆಗ್ಲಿಕ್ಕೆ ಹೋಗಿ ತಪ್ಪಿದ್ದು. ಅಂಥದನ್ನು ಮುಚ್ಚಿಟ್ಟವನನ್ನು ನಾವು ಕಂಪನಿಯಲ್ಲಿ ಸೀದಾ ಮನೆಗೆ ಕಳಿಸ್ತಿದ್ದೆವು." ಕನ್ನಡಕ ತೆಗೆದು ಶರ್ಟಿನಿಂದ ಒರೆಸಿಕೊಂಡರು. "ನೀನು ಸಿಟ್ಟು ಮಾಡಿದ್ದಿ, ಎಲ್ಲಾ ಜಾಗ ಫೇಲ್ ಮಾಡ್ತೇನೆ ಅಂತ. ಮೊದಲು ಫೇಲ್ ಮಾಡಿದ್ದು ನಮ್ಮ ಮನೆಯನ್ನು ಮಗಾ. ನನ್ನನ್ನು."

ಕಿವಿಗೆ ಮಿಷನ್ ಹಾಕಿಸೋಣ ಎಂದೆ. ಹಾಕಿಸು, ಆದರೆ ಬಾಲೆ ಟೀಚರ ಹತ್ತಿರವೇ ಇರಲಿ ಎಂದರು. ಅದರ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ.

ಒಂದನೇ ತಾರೀಕಿನಂದು ನಾನು ಅರ್ಧ ದಿನದ ರಜೆ ಹಾಕಿ, ಇಬ್ಬರೂ ಸೇರಿ ಮಗಳನ್ನು ಶಾಲೆಯಿಂದ ನೇರವಾಗಿ ಟೀಚರ ಗೇಟಿಗೆ ಕರೆತಂದೆವು. ಅವಳು ಚಪ್ಪಲಿ ಕಳಚಿ ಒಳಗೆ ಓಡಿದಳು. ತಿರುಗಿಯೂ ನೋಡಲಿಲ್ಲ. ಮಾವನವರು ಗೇಟಿನಲ್ಲೇ ನೆಟ್ಟಗೆ ನಿಂತರು.

"ಟೀಚರ್, ಅವಳಿಗೆ ಹಸಿವಾದ್ರೆ ಹಸಿವು ಅಂತ ಹೇಳುದಿಲ್ಲ. ಹೊಟ್ಟೆನೋವು ಅಂತಾಳೆ. ಚಪ್ಪಲಿ ಎಡ-ಬಲ ಬದಲು ಹಾಕ್ತಾಳೆ. ನಾವು ಹೇಳಿದ್ರೆ ಕೋಪ ಬರ್ತದೆ. ಸ್ವಲ್ಪ ಹೊತ್ತು ಬಿಟ್ರೆ ಅವಳೇ ನೋಡಿ ಸರಿ ಮಾಡ್ತಾಳೆ. ಗುಡುಗು ಬಂದ್ರೆ ನನಗೆ ಹೆದರಿಕೆ ಇಲ್ಲ ಅಂತ ಹೇಳ್ತಾಳೆ. ಹಾಗೆ ಹೇಳುವಾಗ ಹತ್ತಿರ ನಿಲ್ಲಬೇಕು. ಕೈ ಹಿಡಿಯುದು ಬೇಡ. ಹತ್ತಿರ ನಿಂತ್ರೆ ಸಾಕು, ಅವಳೇ ಹಿಡೀತಾಳೆ."

"ಸರಿ ಅಂಕಲ್. ನೀವು ಹೋಗಿ."

ಮಾವನವರು ಹೋಗಲಿಲ್ಲ. ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ಕೆಲಸ ಒಪ್ಪಿಸುವಾಗ, ಬಂದವರು ತಮ್ಮ ಬಾಯಿಂದಲೇ "ತಕ್ಕೊಂಡೆ" ಎನ್ನದೆ ಹೋಗುವವರು ಜಾಗ ಬಿಡುವಂತಿಲ್ಲವೆಂಬುದು ಅವರ ಕಂಪನಿಯ ಕ್ರಮ. ನಾನು ಟೀಚರ ಕಿವಿಯಲ್ಲಿ ಇದನ್ನು ಉಸುರಿದೆ. ಟೀಚರ್ ನಗಲಿಲ್ಲ. ಹಿಟ್ಟಿನ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು, ಮೆಟ್ಟಿಲಿಳಿದು ಬಂದು, ಮಾವನವರ ಮುಖಕ್ಕೆ ಮುಖ ಕೊಟ್ಟು, ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ತಕ್ಕೊಂಡೆ ಅಂಕಲ್. ಇನ್ನು ನನ್ನ ಡ್ಯೂಟಿ."

ಮಾವನವರು ತಲೆಯಾಡಿಸಿದರು. ನಾವು ಹೊರಟೆವು.

ಮುಖ್ಯರಸ್ತೆಗೆ ಬಂದಾಗ ಅವರು ಅಂಚಿನಲ್ಲಿ ನಿಂತರು. ಅವರ ಬಲಗೈ ಅವರ ಅರಿವಿಲ್ಲದೆಯೇ ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಕೆಳಕ್ಕೆ, ಬೆರಳು ಬಿಡಿಸಿಕೊಂಡು ಚಾಚಿತು. ಬಸ್ಸುಗಳು ಹೋದವು, ರಿಕ್ಷಾಗಳು ಹೋದವು, ರಸ್ತೆ ಖಾಲಿಯಾಯಿತು. ಅವರು ಹೆಜ್ಜೆ ಎತ್ತಲಿಲ್ಲ. ಕೈ ಹಾಗೆಯೇ ಕಾಯುತ್ತಿತ್ತು.

ನಾನು ಸ್ವಲ್ಪ ಬಾಗಿ ಆ ಕೈಯನ್ನು ಹಿಡಿದುಕೊಂಡೆ. ಮಾವನವರು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಮತ್ತೊಮ್ಮೆ ಬಲಕ್ಕೆ ನೋಡಿದರು. ಆಮೇಲೆ ನನ್ನನ್ನು ರಸ್ತೆ ದಾಟಿಸಿದರು.